ಚೀಟಿ ಕಿತ್ತ ಬಾಟಲಿಗಳು

ಭಾನುವಾರ ಮಧ್ಯಾಹ್ನ ಎವಾರಿಸ್ತೊ ರೆತಮಾಲ್ ಬ್ರೆಡ್ಡಿನ ತುಂಡಿನ ಮೇಲೆ ಒಂದು ಚಮಚ ಪೆಬ್ರೆ ಚಟ್ನಿ ಹಾಕಿಕೊಂಡು ಬಾಯಿಗಿಟ್ಟ. ಎರಡು ಸಲ ಅಗಿದ. ಮೂರನೆಯ ಸಲ ಅಗಿಯುವ ಮೊದಲೇ ಅವನಿಗೆ ಗೊತ್ತಾಗಿಹೋಯಿತು, ಈ ಮನೆಯಲ್ಲಿ ಏನೋ ನಡೆಯುತ್ತಿದೆ ಎಂದು.

ಸಣ್ಣಗೆ ಹೆಚ್ಚಿದ ಈರುಳ್ಳಿ ಇತ್ತು, ಟೊಮ್ಯಾಟೊ ಇತ್ತು, ಕೊತ್ತಂಬರಿ ಎಂದಿಗಿಂತ ಜಾಸ್ತಿಯೇ ಇತ್ತು, ಹಸಿಮೆಣಸಿನಕಾಯಿ ನಾಲಿಗೆಯ ತುದಿಯನ್ನು ಚುರುಕ್ಕೆನ್ನಿಸಿತು. ಉಪ್ಪು ಮಾತ್ರ ಇರಲಿಲ್ಲ. ಕಡಿಮೆ ಅಂತಲ್ಲ, ಇರಲೇ ಇಲ್ಲ. ನಲವತ್ತೊಂದು ವರ್ಷ ಒಬ್ಬಳೇ ಹೆಂಗಸಿನ ಕೈಯ ಪೆಬ್ರೆ ತಿಂದವನಿಗೆ ಇದು ಮರೆವಿನಿಂದ ಆದದ್ದೋ ಬೇಕೆಂದೇ ಮಾಡಿದ್ದೋ ಎಂದು ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮುದುಕಿ, ಉಪ್ಪು ಮರೆತ್ಯಾ?"

ಹೆಂಡತಿ ಕ್ಲೋರಿಂದಾ ನಕ್ಕಳು. ಅವನು ಕೇಳಿ ಮುಗಿಸುವ ಮೊದಲೇ ನಕ್ಕಳು.

"ಮರೆತಿಲ್ಲ. ಇನ್ಮೇಲೆ ಹೀಗೇನೆ. ನಿಂಬೆಹಣ್ಣು ಒಂದಲ್ಲ, ಎರಡು ಹಿಂಡಿದೀನಿ. ಹದಿನೈದು ದಿನ ತಿನ್ನು, ನಾಲಿಗೆ ತಾನಾಗೇ ಹೊಂದ್ಕೊಳ್ಳುತ್ತೆ."

"ಯಾಕೆ ಹೊಂದ್ಕೋಬೇಕು?"

"ನಿನ್ನ ಒಳ್ಳೇದಕ್ಕೇ ಮಾರಾಯ."

ಭಾನುವಾರದ ಊಟಕ್ಕೆ ಬಂದಿದ್ದ ಮಗಳು ಯಾಸ್ನಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳು ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಮಾತಿಗೆ ನಿಂತರೆ ಗಡಿಯಾರ ನಿಲ್ಲುವ ಹುಡುಗಿ, ಆ ದಿನ ಮೀನಿನ ಮುಳ್ಳು ಬಿಡಿಸುವುದರಲ್ಲೇ ಮುಳುಗಿಹೋಗಿದ್ದಳು. ಎವಾರಿಸ್ತೊ ಅದನ್ನೂ ಗಮನಿಸಿದ. ಅವನು ಗಮನಿಸದೆ ಬಿಟ್ಟದ್ದು ಜೀವನದಲ್ಲಿ ಕಡಿಮೆ, ಅಥವಾ ಹಾಗೆಂದು ಅವನು ನಂಬಿದ್ದ.

ನಂಬುವುದಕ್ಕೆ ಕಾರಣವೂ ಇತ್ತು. ತಾಲ್ಕಾದಿಂದ ಹೊರಟು ನದಿಯ ಪಕ್ಕದಲ್ಲೇ ತೆವಳಿಕೊಂಡು ಸಮುದ್ರದಂಚಿನ ಈ ಕೊನ್ಸ್ತಿತುಸಿಯೋನ್ ಊರಿಗೆ ಬರುವ ಎರಡು ಡಬ್ಬಿಯ ರೈಲಿನಲ್ಲಿ ಅವನು ಮೂವತ್ತನಾಲ್ಕು ವರ್ಷ ಟಿಕೆಟ್ ತಪಾಸಣೆ ಮಾಡಿದವನು. ಟಿಕೆಟ್ ಇಲ್ಲದವನನ್ನು ಅವನು ಜೇಬು ನೋಡಿ ಹಿಡಿಯುತ್ತಿರಲಿಲ್ಲ, ಮುಖ ನೋಡಿ ಹಿಡಿಯುತ್ತಿದ್ದ. ಕೇಳುವ ಮೊದಲೇ ನಗುವವನ ಹತ್ತಿರ ಟಿಕೆಟ್ ಇರುವುದಿಲ್ಲ ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತವನ್ನು ಕ್ಲೋರಿಂದಾಳಿಗೆ ಅವನು ಕಡಿಮೆಯೆಂದರೂ ಸಾವಿರ ಸಲ ಹೇಳಿದ್ದ. ಈಗ ಅವಳೇ ನಗುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವಳು ಕೋಳಿಗಳಿಗೆ ಕಾಳು ಹಾಕಲು ಹಿತ್ತಲಿಗೆ ಹೋದ ಸಮಯ ನೋಡಿ ಅವನು ಫ್ರಿಜ್ ತೆಗೆದ. ಬಾಗಿಲಿನ ಅಂಚಿನಲ್ಲಿ ನಾಲ್ಕು ಗಾಜಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ನಾಲ್ಕಕ್ಕೂ ಚೀಟಿ ಇಲ್ಲ. ಬಿಸಿನೀರಿನಲ್ಲಿ ನೆನೆಸಿ, ಉಗುರಿನಲ್ಲಿ ಕೆರೆದು ಕಿತ್ತಿದ್ದಳು. ಅವರ ದೇಶದ ಅಂಗಡಿಯಲ್ಲಿ ಉಪ್ಪು, ಸಕ್ಕರೆ, ಕೊಬ್ಬು ಮಿತಿಮೀರಿದ ಪದಾರ್ಥದ ಮೇಲೆಲ್ಲ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತಿರುತ್ತಾರೆ. ಅವನ ಪ್ರೀತಿಯ ಮಯೊನೇಸ್ ಬಾಟಲಿಯ ಮೇಲೆ ಅಂಥವು ಎರಡಿದ್ದವು, ಅವನು ಅದನ್ನು ಸೇನಾಧಿಕಾರಿಯ ಎದೆಯ ಪದಕ ಎಂದು ತಮಾಷೆ ಮಾಡುತ್ತಿದ್ದ. ಈಗ ಪದಕವೂ ಇಲ್ಲ, ಹೆಸರೂ ಇಲ್ಲ. ಚೀಟಿ ಕಿತ್ತ ಬಾಟಲಿಯನ್ನು ಕಂಡರೆ ಅವನಿಗೆ ಊರು ಹೇಳದ ಪ್ರಯಾಣಿಕನನ್ನು ಕಂಡಂತೆ ಆಗುತ್ತಿತ್ತು.

ಮೊದಲನೆಯದಕ್ಕೆ ಬೆರಳು ಅದ್ದಿ ನೆಕ್ಕಿದ. ಬಿಳಿ ಹುರುಳಿಕಾಯಿ ಬೀಜ ಬೇಯಿಸಿ ಅರೆದು, ಬೆಳ್ಳುಳ್ಳಿ, ನಿಂಬೆರಸ, ಒಂದಿಷ್ಟು ಎಣ್ಣೆ ಸೇರಿಸಿದ್ದು. ಎರಡನೆಯದು ಗಟ್ಟಿ ಮೊಸರಿಗೆ ಕೊತ್ತಂಬರಿ ಕಲಸಿದ್ದು. ಮೂರನೆಯದು ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿ ಮತ್ತು ಟೊಮ್ಯಾಟೊ, ಸಕ್ಕರೆ ಇಲ್ಲದ್ದು. ನಾಲ್ಕನೆಯದರಲ್ಲಿ ಮೆರ್ಕೆನ್ ಇತ್ತು. ಹೊಗೆ ಹಿಡಿಸಿದ ಆ ಒಣಮೆಣಸಿನ ಪುಡಿಯನ್ನು ದಕ್ಷಿಣದ ಮಾಪುಚೆ ಬುಡಕಟ್ಟಿನ ಹೆಂಗಸರು ಉಪ್ಪು ಬೆರೆಸಿಯೇ ಮಾರುತ್ತಾರೆ. ಇದರಲ್ಲಿ ಉಪ್ಪಿರಲಿಲ್ಲ, ಯಾರಿಗೋ ಹೇಳಿ ಮಾಡಿಸಿದ್ದಳು.

"ಮುದುಕಿ, ಈ ಬಿಳಿದು ಏನು?" ಅವಳು ಒಳಗೆ ಬಂದಾಗ ಕೇಳಿದ.

"ಮಯೊನೇಸ್."

"ಮಯೊನೇಸ್ ಹಲ್ಲಿಗೆ ಅಂಟ್ಕೊಳ್ಳಲ್ಲ."

"ನಿನ್ನ ಹಲ್ಲಿಗೆ ಅಂಟ್ಕೊಳ್ಳೋಕೆ ಹಲ್ಲಾದ್ರೂ ಎಷ್ಟಿದಾವೆ?" ಎಂದು ಹೇಳಿ ಅವಳು ಮತ್ತೆ ನಕ್ಕಳು. ಅವನು ನಗಲಿಲ್ಲ.

ಅವನ ತಲೆ ಹಿಂದಕ್ಕೆ ಓಡಿತು. ಮಾರ್ಚ್ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋಗಿ ವಯಸ್ಸಾದವರಿಗೆ ವರ್ಷಕ್ಕೊಮ್ಮೆ ಮಾಡುವ ತಪಾಸಣೆ ಮಾಡಿಸಿಕೊಂಡಿದ್ದರು. ರಕ್ತ ಕೊಟ್ಟರು, ಎದೆಗೆ ತಂತಿ ಅಂಟಿಸಿಕೊಂಡರು, ಒಂಟಿಕಾಲಿನಲ್ಲಿ ನಿಂತು ತೋರಿಸಿದರು. ಎವಾರಿಸ್ತೊ ಹದಿನಾಲ್ಕು ಸೆಕೆಂಡು ನಿಂತ. ಕ್ಲೋರಿಂದಾ ನಾಲ್ಕಕ್ಕೇ ಗೋಡೆ ಹಿಡಿದಳು, ಅವನು ಮನೆಯವರೆಗೂ ಅವಳನ್ನು ಅದೇ ಹೇಳಿ ರೇಗಿಸಿಕೊಂಡು ಬಂದ. ವಾರ ಕಳೆದ ಮೇಲೆ ಯಾಸ್ನಾ ಒಂದು ಕಂದು ಲಕೋಟೆ ಹಿಡಿದುಕೊಂಡು ಬಂದಳು. ತಾಯಿ ಮಗಳು ಅಡುಗೆಮನೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರು. ಹೊರಗೆ ಬಂದಾಗ ಇಬ್ಬರೂ ನಗುತ್ತಿದ್ದರು.

"ಅಪ್ಪ, ನಿಂದೆಲ್ಲಾ ಚೆನ್ನಾಗಿದೆ. ಉಪ್ಪು ಎಣ್ಣೆ ಮಾತ್ರ ಸ್ವಲ್ಪ ನೋಡ್ಕೋಬೇಕು."

"ಕಾಗದ ಕೊಡು."

"ಕೇಂದ್ರದಲ್ಲೇ ಇದೆ, ಫೈಲಿಗೆ ಹಾಕ್ಬಿಟ್ಟಿದಾರೆ."

ಆದರೆ ಲಕೋಟೆಯನ್ನು ಅವನು ಕಣ್ಣಾರೆ ಕಂಡಿದ್ದ. ಆಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಚೀಟಿ ಕಿತ್ತ ಬಾಟಲಿಗಳ ಮುಂದೆ ನಿಂತಾಗ ಒಂದಕ್ಕೊಂದು ಕೂಡಿಕೊಂಡಿತು. ತನಗೆ ಏನೋ ಆಗಿದೆ. ದೊಡ್ಡದೇ ಆಗಿದೆ. ಇವರಿಬ್ಬರೂ ಸೇರಿ ಅದನ್ನು ಮುಚ್ಚಿಟ್ಟು, ಹುರುಳಿಕಾಯಿ ಬೀಜ ಅರೆದು ಹಾಕಿ ತನ್ನ ಜೀವವನ್ನು ಇನ್ನೊಂದಷ್ಟು ದಿನ ಎಳೆಯುತ್ತಿದ್ದಾರೆ. ಎವಾರಿಸ್ತೊಗೆ ಹೆದರಿಕೆಯಾಯಿತು. ಎಪ್ಪತ್ತು ವರ್ಷದ ಗಂಡಸು, ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಸಣ್ಣ ಮಗುವಿನಂತೆ ಹೆದರಿದ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ದಿನದಿಂದ ಅವನಿಗೆ ಮನೆಯ ಪ್ರತಿಯೊಂದು ವಸ್ತುವೂ ಸಾಕ್ಷಿಯಾಯಿತು. ಅಂಗಡಿಗೆ ಹೋದರೆ ಕ್ಲೋರಿಂದಾ ಪ್ರತಿ ಡಬ್ಬಿಯನ್ನೂ ತಿರುಗಿಸಿ, ಕಪ್ಪು ಮುದ್ರೆಗಳನ್ನು ಜಪಮಣಿ ಎಣಿಸುವ ಹಾಗೆ ಬೆರಳಿಟ್ಟು ಎಣಿಸಿ, ವಾಪಸ್ಸು ಇಡುತ್ತಿದ್ದಳು. ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಹೋಗಿ ಕಿವುಚಿದ ಬೆಣ್ಣೆಹಣ್ಣು ಬಂತು. ಬೆಣ್ಣೆಹಣ್ಣಿನ ಬಗ್ಗೆ ಅವನ ತಕರಾರಿರಲಿಲ್ಲ, ಅವರ ದೇಶದಲ್ಲಿ ಹುಟ್ಟಿದ ಯಾರದೂ ಇರುವುದಿಲ್ಲ. ಆದರೆ ಅದರ ಮೇಲೂ ಉಪ್ಪಿನ ಬದಲು ನಿಂಬೆರಸ. ಅವನ ಎದುರಿಗೇ ಕೂತು, ಅವನ ತಟ್ಟೆಯಲ್ಲಿದ್ದದ್ದನ್ನೇ ಅವಳೂ ತಿನ್ನುತ್ತಿದ್ದಳು. ಇದೊಂದು ಅವನಿಗೆ ಬಗೆಹರಿಯಲಿಲ್ಲ. ಕೊನೆಗೆ ಅದನ್ನೂ ಅವಳ ಜಾಣತನದ ಲೆಕ್ಕಕ್ಕೇ ಹಾಕಿದ, ತನಗೆ ಅನುಮಾನ ಬಾರದಿರಲಿ ಎಂದು ಅವಳೂ ತಿನ್ನುತ್ತಿದ್ದಾಳೆ ಎಂದು.

"ನಿಂಗೆ ಇದು ರುಚಿಯಾಗಿದೆಯಾ?" ಒಮ್ಮೆ ನೇರವಾಗಿ ಕೇಳಿದ.

"ನನ್ನ ಬಾಯಿಗೆ ಈಗ ಎಲ್ಲಾ ತಗಡು ನೆಕ್ಕಿದ ಹಾಗಿದೆ. ಉಪ್ಪಿದ್ರೂ ಒಂದೇ, ಇಲ್ದಿದ್ರೂ ಒಂದೇ."

ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆ ಎಂದು ಅವನು ಒಳಗೊಳಗೇ ಮೆಚ್ಚಿಕೊಂಡ.

ಮೇ ತಿಂಗಳ ಒಂದು ಮಧ್ಯಾಹ್ನ ಚೌಕದ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಕುಂಬಳಕಾಯಿ ಬೆರೆಸಿದ ಹಿಟ್ಟಿನ ಪೂರಿಯಂಥ ಸೊಪೈಪಿಯಾ ಕರಿಯುವ ನೊಲ್ಬೆರ್ತೊನ ಹತ್ತಿರ ಹೋದ. ನೊಲ್ಬೆರ್ತೊ ಹಳೆಯ ಸ್ನೇಹಿತ. ಯಾರಿಗೆ ಏನು ಕಾಯಿಲೆ, ಯಾರ ಮನೆಯಲ್ಲಿ ಏನು ಜಗಳ ಎಂಬುದೆಲ್ಲ ಅವನ ಎಣ್ಣೆ ಬಾಣಲೆಯ ಸುತ್ತಲೇ ತಿಳಿಯುತ್ತಿತ್ತು. ಎವಾರಿಸ್ತೊ ಬಿಸಿ ಸೊಪೈಪಿಯಾದ ಮೇಲೆ ಸಾಸಿವೆಯ ಸಾಸು ಹಿಂಡಿದ, ಮೆಣಸಿನ ಸಾಸು ಹಿಂಡಿದ, ಪ್ಲಾಸ್ಟಿಕ್ ಡಬ್ಬಿಯ ಪೆಬ್ರೆಯನ್ನು ಎರಡು ಚಮಚ ಸುರಿದುಕೊಂಡು ಕಣ್ಣು ಮುಚ್ಚಿ ತಿಂದ.

"ನಿಮ್ಮನೇಲಿ ಊಟ ಹಾಕಲ್ವಾ ದೊನ್ ಎವಾರಿಸ್ತೊ?"

"ಹಾಕ್ತಾರೆ. ನೊಲ್ಬೆರ್ತೊ, ಹೆಂಡತಿ ಇದ್ದಕ್ಕಿದ್ದ ಹಾಗೆ ಉಪ್ಪು ನಿಲ್ಲಿಸಿದ್ರೆ ಏನರ್ಥ?"

"ಕೋಪ ಬಂದಿದೆ ಅಂತ."

"ಕೋಪ ಇಲ್ಲ. ನಗ್ತಾಳೆ."

ನೊಲ್ಬೆರ್ತೊ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಆನಿಸಿದ. "ನಗ್ತಾಳಾ? ಹಾಗಾದ್ರೆ ಕಷ್ಟ. ನನ್ನ ಭಾವಮೈದ ಒಬ್ಬಿದ್ದ. ಮೊದಲು ಅವನ ಉಪ್ಪು ತೆಗೆದ್ರು. ಆಮೇಲೆ ವೈನ್ ತೆಗೆದ್ರು. ಆಮೇಲೆ ಅವನನ್ನೇ ಎತ್ಕೊಂಡು ಹೋದ್ರು."

"ಎಷ್ಟು ದಿನದಲ್ಲಿ?"

"ಕುಂಬಳಕಾಯಿ ಕೊಯ್ಯೋ ಹೊತ್ಗೆ ಶುರುವಾಯ್ತು. ಚೆರ್ರಿ ಹಣ್ಣು ಮಾರ್ಕೆಟ್ಟಿಗೆ ಬರೋ ಹೊತ್ಗೆ ಮುಗೀತು."

ಎವಾರಿಸ್ತೊ ಬೆರಳು ಮಡಚಿ ಎಣಿಸಿದ. ಏಳು ತಿಂಗಳು.

"ನಿಮ್ಗೂ ಹಾಗೇ ಅಂತ ನಾನು ಹೇಳ್ಲಿಲ್ಲ ಮತ್ತೆ," ಎಂದ ನೊಲ್ಬೆರ್ತೊ. ಸ್ವಲ್ಪ ಯೋಚಿಸಿ, "ಆದ್ರೆ ಹೋಗೋದೇ ನಿಜ ಆದ್ರೆ ಉಪ್ಪು ಹಾಕ್ಕೊಂಡು ಹೋಗೋದು ವಾಸಿ, ಸಪ್ಪೆ ತಿಂದು ಯಾಕ್ ಹೋಗ್ಬೇಕು?" ಎಂದೂ ಸೇರಿಸಿದ. ಬೇರೆಯವರ ಸಾವಿಗೆ ಧೈರ್ಯ ಹೇಳುವವರಿಗೆ ಯಾವ ಊರಿನಲ್ಲೂ ಬರವಿಲ್ಲ.

ಆ ಸಂಜೆ ಎವಾರಿಸ್ತೊ ಕಾವಿಲ್ ಕಡೆಯ ಉಪ್ಪಿನ ಗದ್ದೆಗಳಲ್ಲಿ ತೆಗೆದ ಹರಳುಪ್ಪಿನ ಒಂದು ಪೊಟ್ಟಣ ತಂದ. ಬಾಗಿಲ ಹಿಂದಿನ ಮೊಳೆಗೆ ಅವನ ಹಳೆಯ ಟಿಕೆಟ್ ಪಂಚಿನ ಚರ್ಮದ ಚೀಲ ತೂಗುತ್ತಿತ್ತು. ಅದನ್ನು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಉಪ್ಪು ಅದರೊಳಗೆ ಹೋಯಿತು.

ತನ್ನ ತಟ್ಟೆಗೆ ಹಾಕಿಕೊಳ್ಳುವ ಹಾಗಿರಲಿಲ್ಲ, ಕ್ಲೋರಿಂದಾ ಎದುರಿಗೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಆದರೆ ಪೆಬ್ರೆ ಇರುತ್ತಿದ್ದದ್ದು ಮೇಜಿನ ನಡುವಿನ ಒಂದೇ ಮಣ್ಣಿನ ಬಟ್ಟಲಿನಲ್ಲಿ. ಬ್ರೆಡ್ಡಿಗೂ ಅದೇ, ಆಲೂಗಡ್ಡೆಗೂ ಅದೇ, ಮೀನಿಗೂ ಅದೇ, ಎಲ್ಲರ ಚಮಚವೂ ಅಲ್ಲಿಗೇ. ಅವಳು ಸಂಜೆ ಹೆಚ್ಚಿಟ್ಟು ಹುಳಿ ಹಿಡಿಯಲೆಂದು ಬೆಳಗಿನವರೆಗೆ ಫ್ರಿಜ್ಜಿನಲ್ಲಿಡುತ್ತಿದ್ದಳು. ಮುಂಜಾನೆ ಸೌದೆ ಒಲೆ ಹೊತ್ತಿಸಿ ನೀರಿಗಿಡುವುದು ಅವನ ಕೆಲಸ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೊದಲ ದಿನ ಒಂದು ಚಿಟಿಕೆ ಹಾಕಿ ಕಲಸಿದ. ಮೂರು ದಿನದ ಮೇಲೆ ಎರಡು ಚಿಟಿಕೆ. ಆಮೇಲೆ ಹುರುಳಿಕಾಯಿ ಬೀಜದ ಬಾಟಲಿಗೂ, ಮೊಸರಿನ ಬಾಟಲಿಗೂ, ಮೆರ್ಕೆನ್‌ಗೂ.

ಅವಳಿಗೆ ತಿಳಿಯಲೇ ಇಲ್ಲ. ಅಷ್ಟೇ ಅಲ್ಲ, ಒಂದು ದಿನ ಅವನು ತಟ್ಟೆ ಒರೆಸಿ ತಿನ್ನುವುದನ್ನು ನೋಡಿ, "ನೋಡಿದ್ಯಾ, ನಾಲಿಗೆ ಹೊಂದ್ಕೊಳ್ತು. ಎಲ್ಲಾ ನಿಂಬೆಹಣ್ಣಿನ ಮಹಿಮೆ," ಎಂದು ಬೀಗಿದಳು.

"ಹೌದು ಮುದುಕಿ. ಎಲ್ಲಾ ನಿಂಬೆಹಣ್ಣೇ," ಎಂದ ಎವಾರಿಸ್ತೊ. ಮೂವತ್ತನಾಲ್ಕು ವರ್ಷ ಬೇರೆಯವರ ಮೋಸ ಹಿಡಿದವನಿಗೆ ಸ್ವಂತ ಮೋಸ ಇಷ್ಟು ಸಿಹಿಯಾಗಿರುತ್ತದೆ ಎಂದು ಗೊತ್ತಿರಲಿಲ್ಲ. ತನ್ನನ್ನು ಮೂರ್ಖ ಮಾಡುತ್ತಿರುವವರನ್ನು ತಾನು ಮೂರ್ಖರನ್ನಾಗಿ ಮಾಡುತ್ತಿದ್ದೇನೆ ಎಂಬ ಸಂತೋಷದಲ್ಲಿ ಸಾಯುವ ಹೆದರಿಕೆಯೂ ಸ್ವಲ್ಪ ಕಡಿಮೆಯಾಯಿತು.

ಭೂಮಿಯ ಆ ದಕ್ಷಿಣದ ತುದಿಯಲ್ಲಿ ಜೂನ್ ಎಂದರೆ ಚಳಿಗಾಲ, ಅದು ಬಂದು ಕೂತುಕೊಂಡಿತು. ಜೂನ್ ಕೊನೆಗೆ ಅವನು ಮೇಜಿನ ಆಚೆ ಬದಿ ನೋಡಿದಾಗ ಕ್ಲೋರಿಂದಾಳ ಎಡಗೈಯಲ್ಲಿ ಮದುವೆಯ ಉಂಗುರ ಇರಲಿಲ್ಲ.

"ಉಂಗುರ ಎಲ್ಲಿ?"

"ಪಾತ್ರೆ ತೊಳೆಯುವಾಗ ಜಾರುತ್ತೆ ಅಂತ ತೆಗೆದಿಟ್ಟಿದೀನಿ."

ನಲವತ್ತೊಂದು ವರ್ಷ ಜಾರದ ಉಂಗುರ ಈಗ ಜಾರುತ್ತದೆ. ವಿಧವೆಯಾಗುವುದಕ್ಕೆ ಈಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ ಎಂದು ಎವಾರಿಸ್ತೊಗೆ ಅನ್ನಿಸಿತು. ಆ ವಾರವೇ ಅವಳು ಅವನ ದೊಡ್ಡ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಓಡಾಡತೊಡಗಿದಳು. ಕೇಳಿದರೆ, ಬೆಚ್ಚಗಿರುತ್ತೆ ಎಂದಳು. ಸತ್ತ ಮೇಲೆ ಹಂಚಿಕೊಳ್ಳುವುದನ್ನು ಬದುಕಿರುವಾಗಲೇ ಶುರು ಮಾಡಿದ್ದಾರೆ ಎಂದುಕೊಂಡ. ಗುರುವಾರ ಗುರುವಾರ ಮಗಳ ಜೊತೆ ಬೆಳಗಿನ ರೈಲಿಗೆ ತಾಲ್ಕಾಕ್ಕೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದಳು. ಉಣ್ಣೆ ತರೋಕೆ ಅಂತ ಹೇಳಿಕೆ. ಅವನು ಚೀಲ ಹುಡುಕಿದ. ಉಣ್ಣೆಯ ಒಂದು ಎಳೆಯೂ ಇರಲಿಲ್ಲ. ಕೋಟಿನ ಜೇಬಿನಲ್ಲಿ ಟಿಕೆಟ್ಟುಗಳು ಮಾತ್ರ ಇದ್ದವು. ಅವನ್ನು ಬೆಳಕಿಗೆ ಹಿಡಿದು ನೋಡಿದ. ಟಿಕೆಟ್ಟುಗಳು ಸರಿಯಾಗಿಯೇ ಇದ್ದವು. ಅವಳು ಮಾತ್ರ ಸರಿಯಾಗಿರಲಿಲ್ಲ. ತಾಲ್ಕಾದಲ್ಲಿ ತನಗೆ ಸಮಾಧಿಯ ಜಾಗ ನೋಡುತ್ತಿದ್ದಾಳೆ ಎಂದು ಅವನು ತೀರ್ಮಾನಿಸಿದ. ಮರುದಿನ ಮುಂಜಾನೆ ಪೆಬ್ರೆಗೆ ಚಿಟಿಕೆಯಲ್ಲ, ಚಮಚ ತುಂಬ ಉಪ್ಪು ಹಾಕಿದ.

ಆಗಸ್ಟ್ ತಿಂಗಳ ಎರಡನೆಯ ಭಾನುವಾರ. ಬೇಯಿಸಿದ ಆಲೂಗಡ್ಡೆ, ಸುಟ್ಟ ಮೀನು, ನಡುವೆ ಪೆಬ್ರೆಯ ಬಟ್ಟಲು. ತಿಂಗಳುಗಟ್ಟಲೆ ಭಾನುವಾರದ ಪಾಳಿ ಬಿದ್ದು ಊಟಕ್ಕೆ ಬಾರದಿದ್ದ ಯಾಸ್ನಾ ಆ ದಿನ ಬಂದು ಕೂತಿದ್ದಳು. ಕ್ಲೋರಿಂದಾ ಹಿತ್ತಲಿನ ಗಿಡದಿಂದ ಮೂರು ನಿಂಬೆಹಣ್ಣು ಕಿತ್ತುಕೊಂಡು ಬಂದಳು. ಹಿತ್ತಲಿನಿಂದ ಅಡುಗೆಮನೆಗೆ ಇರುವುದು ನಾಲ್ಕೇ ಮೆಟ್ಟಿಲು. ನಾಲ್ಕನ್ನು ಹತ್ತಿ ಬಂದವಳು ಕುರ್ಚಿಯ ಬೆನ್ನು ಹಿಡಿದು ನಿಂತು ಬಾಯಿ ತೆರೆದು ಉಸಿರೆಳೆದಳು. ಒಂದು ನಿಂಬೆಹಣ್ಣು ಕೈಯಿಂದ ಜಾರಿ ಮೇಜಿನ ಕೆಳಗೆ ಉರುಳಿತು.

ಯಾಸ್ನಾ ಎದ್ದು ತಾಯಿಯನ್ನು ಕೂರಿಸಿದಳು. ಚಪ್ಪಲಿ ತೆಗೆದಳು, ಉಣ್ಣೆಯ ಕಾಲುಚೀಲ ಇಳಿಸಿದಳು, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಳು. ನಾದಿದ ಹಿಟ್ಟಿಗೆ ಬೆರಳೊತ್ತಿದ ಹಾಗೆ ಗುಳಿ ಹಾಗೆಯೇ ಉಳಿಯಿತು.

"ಅಮ್ಮ, ಮಾತ್ರೆ ತಗೋತಿದೀಯ ತಾನೆ?"

"ತಪ್ಪಿಸಿಲ್ಲ ಕಣೇ."

"ಯಾವ ಮಾತ್ರೆ?" ಎಂದ ಎವಾರಿಸ್ತೊ. ಇಬ್ಬರೂ ಅವನ ಕಡೆ ನೋಡಲಿಲ್ಲ.

"ಹೊರಗೆ ಏನಾದ್ರೂ ತಿಂದ್ಯಾ? ಸಾಸೇಜು, ಚಿಪ್ಸು, ಯಾರದಾದ್ರೂ ಮನೇಲಿ?"

"ಎಲ್ಲಿಗ್ ಹೋಗ್ಲಿ ನಾನು? ನಾನೇ ಮಾಡಿದ್ದು, ನಾನೇ ತಿಂದಿದ್ದು. ಈ ಬಾಟಲಿಗಳು, ಈ ಬಟ್ಟಲು."

ಯಾಸ್ನಾ ಬಟ್ಟಲು ಎಳೆದುಕೊಂಡು ಒಂದು ಚಮಚ ಬಾಯಿಗಿಟ್ಟಳು. ಅವಳ ಮುಖದ ಬಣ್ಣ ಹೋಯಿತು. ಚಮಚವನ್ನು ಸದ್ದಾಗದ ಹಾಗೆ ಮೇಜಿನ ಮೇಲಿಟ್ಟಳು.

"ಅಮ್ಮ, ಇದಕ್ಕೆ ಉಪ್ಪು ಹಾಕಿದೀಯ."

"ಇಲ್ಲ."

"ಸಮುದ್ರದ ನೀರಿದ್ದ ಹಾಗಿದೆ. ನನ್ನ ಹತ್ತಿರ ಯಾಕೆ ಸುಳ್ಳು ಹೇಳ್ತೀಯ?"

"ನನ್ನ ಅಮ್ಮನಾಣೆ ಹಾಕಿಲ್ಲ. ನನ್ನ ಬಾಯಿಗೆ ಗೊತ್ತಾಗಲ್ಲ ಅಂತ ನಿಂಗೇ ಗೊತ್ತಲ್ಲ, ಆ ಮಾತ್ರೆ ಶುರುವಾದಾಗಿಂದ ಎಲ್ಲಾ ತಗಡೇ." ಹೇಳುತ್ತಾ ಹೇಳುತ್ತಾ ಕ್ಲೋರಿಂದಾಳ ಕಣ್ಣು ನಿಧಾನವಾಗಿ ಗಂಡನ ಕಡೆ ತಿರುಗಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಎವಾರಿಸ್ತೊನ ನೋಟ ತಾನಾಗಿಯೇ ಬಾಗಿಲ ಹಿಂದಿನ ಚರ್ಮದ ಚೀಲದ ಮೇಲೆ ಹೋಯಿತು. ಅವನು ಕೋಪ ಮಾಡಿಕೊಳ್ಳಲು ನೋಡಿದ.

"ಮೊದಲು ನನ್ನ ಕಾಯಿಲೆ ಏನು ಅಂತ ಹೇಳಿ. ಆಮೇಲೆ ಉಪ್ಪಿನ ಮಾತು. ಎಷ್ಟು ದಿನ ಅಂತ ಮುಚ್ಚಿಡ್ತೀರಿ? ನಾನು ಸಾಯ್ತೀನಿ ಅಂತ ನಂಗೆ ಗೊತ್ತಾಗಿ ಮೂರು ತಿಂಗಳಾಯ್ತು."

"ನಿಂಗೇನು ಕಾಯಿಲೆ?" ಎಂದಳು ಯಾಸ್ನಾ. "ನೀನು ಕುದುರೆ ಇದ್ದ ಹಾಗಿದೀಯ ಅಪ್ಪ. ಕಾಯಿಲೆ ಇರೋದು ಅಮ್ಮನಿಗೆ. ಹೃದಯ ದೊಡ್ಡದಾಗಿದೆ, ಸರಿಯಾಗಿ ರಕ್ತ ತಳ್ತಿಲ್ಲ. ಉಪ್ಪು ತಿಂದ್ರೆ ಮೈಯಲ್ಲಿ ನೀರು ನಿಲ್ಲುತ್ತೆ. ಗುರುವಾರ ಗುರುವಾರ ಎಲ್ಲಿಗ್ ಹೋಗ್ತಿದ್ವಿ ಅನ್ಕೊಂಡೆ? ತಾಲ್ಕಾದ ಹೃದಯದ ಡಾಕ್ಟರ ಹತ್ರ."

ಅವಳು ಮಾತಾಡುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಳು. ಎವಾರಿಸ್ತೊ ಹೆಂಡತಿಯ ಬರಿಗಾಲನ್ನು ನೋಡಿದ. ಗುಳಿ ಇನ್ನೂ ತುಂಬಿಕೊಂಡಿರಲಿಲ್ಲ. ಆ ಕಾಲು ತನ್ನ ಚಪ್ಪಲಿಗೆ ಯಾಕೆ ಬಂತು, ಆ ಬೆರಳಿನಿಂದ ಉಂಗುರ ಯಾಕೆ ಹೋಯಿತು, ಒಂದೊಂದೂ ಈಗ ತಾನಾಗಿ ಅವನ ಮುಂದೆ ಬಂದು ಟಿಕೆಟ್ ತೋರಿಸಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ಹಾಕಿದವನು ಒಬ್ಬ, ಮೈತುಂಬ ನೀರು ತುಂಬಿಕೊಂಡವಳು ಇನ್ನೊಬ್ಬಳು.

ಅವನು ಎದ್ದುಹೋಗಿ ಚರ್ಮದ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದ. ಪೊಟ್ಟಣದಲ್ಲಿ ಉಳಿದಿದ್ದದ್ದು ಒಂದು ಹಿಡಿಯಷ್ಟೇ.

"ಎಷ್ಟಿತ್ತು?" ಎಂದಳು ಯಾಸ್ನಾ.

"ಒಂದು ಕಿಲೋ."

ಉಸಿರಿಗೇ ಕ್ಲೋರಿಂದಾಳಿಗೆ ಬಾಯಿ ಸಾಲುತ್ತಿರಲಿಲ್ಲ.

ಅವಳು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಮೊದಲ ಎರಡು ದಿನ ಮೂಗಿಗೆ ನಳಿಕೆ, ತೋಳಿಗೆ ಸೂಜಿ. ಡಾಕ್ಟರು ಬಂದಾಗ ಎವಾರಿಸ್ತೊ ಎದ್ದು ನಿಂತು, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು, ಯಾರೂ ಕೇಳದಿದ್ದರೂ ಎಲ್ಲವನ್ನೂ ಹೇಳಿದ. ಮೊದಲು ಒಂದು ಚಿಟಿಕೆ, ಆಮೇಲೆ ಎರಡು, ಜುಲೈಯಿಂದ ಚಮಚ. ಡಾಕ್ಟರು ಬರೆದುಕೊಂಡರು, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮೂರನೆಯ ದಿನ ನಳಿಕೆ ತೆಗೆದ ಮೇಲೆ ಅವಳು ಕಣ್ಣು ಬಿಟ್ಟು ಅವನನ್ನು ನೋಡಿದಳು.

"ನನ್ನ ಒಳ್ಳೇದಕ್ಕೆ ಅಂತ ಯಾಕೆ ಹೇಳಿದ್ರಿ?" ಎಂದು ಅವನು ಕೇಳಿದ. "ನಿನ್ನ ಕಾಯಿಲೆಗೆ ಅಂತ ಹೇಳಿದ್ರೆ ಆಗ್ತಿರಲಿಲ್ವಾ ಮುದುಕಿ?"

ಅವಳು ದಿಂಬಿಗೆ ಒರಗಿಕೊಂಡೇ ಹೇಳಿದಳು.

"ನನಗೋಸ್ಕರ ಅಂದಿದ್ರೆ ನೀನು ಎರಡು ದಿನ ತಿಂತಿದ್ದೆ. ಮೂರನೇ ದಿನ ಗೊಣಗ್ತಿದ್ದೆ. ನಾಲ್ಕನೇ ದಿನ ಮಯೊನೇಸ್ ಬಾಟಲಿ ತಂದು ಮೇಜಿನ ಮೇಲೆ ಇಡ್ತಿದ್ದೆ, ಎದುರಿಗಿದ್ರೆ ನಾನೂ ಬಿಡ್ತಿರಲಿಲ್ಲ. ನಿನಗೋಸ್ಕರ ಅಂದ್ರೆ ಹೆದರ್ಕೊಂಡಾದ್ರೂ ತಿಂತೀಯ ಅನ್ಕೊಂಡೆ."

ಅವಳು ಹೇಳಿದ್ದು ನಿಜವಾಗಿತ್ತು. ನಲವತ್ತೊಂದು ವರ್ಷದಲ್ಲಿ ಈ ಹೆಂಗಸು ತನ್ನನ್ನು ಇಷ್ಟು ಸರಿಯಾಗಿ ಓದಿಕೊಂಡಿದ್ದಾಳೆ, ತಾನು ಅವಳನ್ನು ಒಂದು ಸಾಲೂ ಓದಲಿಲ್ಲ ಎಂದು ಅವನಿಗೆ ತುಂಬಾ ನಾಚಿಕೆಯಾಯಿತು, ದುಃಖವಾಯಿತು. ಅವನು ಅವಳ ಕಾಲ ಬಳಿ ಹೊದಿಕೆಯನ್ನು ಸರಿ ಮಾಡಿದ. ಅದನ್ನು ಆಗಲೇ ಮೂರು ಸಲ ಸರಿ ಮಾಡಿದ್ದ.

ಅವಳು ಮನೆಗೆ ಬಂದ ದಿನದಿಂದ ಪೆಬ್ರೆ ಮಾಡುವುದು ಅವನ ಪಾಲಿಗೆ ಬಂತು. ಅವಳು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದಳು, ಅವನು ಹೆಚ್ಚುತ್ತಿದ್ದ. ಈರುಳ್ಳಿಯನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆಯಬೇಕು. ಕೊತ್ತಂಬರಿಯ ದಂಟು ಬಿಸಾಡಬಾರದು, ರುಚಿ ಇರುವುದೇ ಅಲ್ಲಿ. ಮೆಣಸಿನಕಾಯಿ ಹಸಿಯಾಗಿ ಅರ್ಧ, ಕೆಂಡದ ಮೇಲೆ ಸುಟ್ಟು ಅರ್ಧ. ಕೊನೆಗೆ ಉಪ್ಪಿಲ್ಲದ ಮೆರ್ಕೆನ್, ನಿಂಬೆರಸ. ಕೆರೆದು ತೊಳೆದ ಬಾಟಲಿಗಳಿಗೆ ಅವನೇ ಬಿಳಿ ಕಾಗದ ಅಂಟಿಸಿ, ಒಳಗೆ ಏನಿದೆ, ಯಾವ ದಿನ ಮಾಡಿದ್ದು ಎಂದು ದಪ್ಪ ಅಕ್ಷರದಲ್ಲಿ ಬರೆದ. ಉಳಿದ ಒಂದು ಹಿಡಿ ಉಪ್ಪನ್ನು ಹಿತ್ತಲಿನ ಕಲ್ಲುಹಾದಿಯ ಹುಲ್ಲು ಸಾಯಲೆಂದು ಅದರ ಬುಡಕ್ಕೆ ಹಾಕಿದ.

ಮೊದಲ ದಿನ ಬಟ್ಟಲನ್ನು ಮೇಜಿನ ನಡುವೆ ಇಟ್ಟು, "ತಿನ್ನು ಮುದುಕಿ, ಒಂದು ಹರಳೂ ಹಾಕಿಲ್ಲ," ಎಂದು ನಕ್ಕ.

ಕ್ಲೋರಿಂದಾ ಚಮಚ ಮುಟ್ಟಲಿಲ್ಲ. "ಕೇಳೋಕ್ ಮುಂಚೆ ನಗೋನ ಹತ್ರ ಟಿಕೆಟ್ ಇರಲ್ಲ ಅಂತ ನೀನೇ ಅಲ್ವಾ ಹೇಳಿದ್ದು? ನನ್ನ ನಾಲಿಗೆಗಂತೂ ತಿಳಿಯಲ್ಲ. ನಿನ್ನ ಮಾತು ಇನ್ಮೇಲೆ ನಂಬಲ್ಲ. ಮೊದಲು ನೀನು ತಿನ್ನು. ನಾನು ನಿನ್ನ ಮುಖ ನೋಡ್ತೀನಿ."

ಅವನು ತಿಂದ. ಮುಖ ತಾನಾಗಿಯೇ ಕಿವುಚಿಕೊಂಡಿತು, ಹುಲ್ಲು ಮೆಂದ ಕರುವಿನಂತೆ ತುಟಿ ಹೊರಳಿತು. ಅವಳು ತೃಪ್ತಿಯಿಂದ ತನ್ನ ತಟ್ಟೆಗೆ ಹಾಕಿಕೊಂಡಳು. ಅದೇ ಆ ಮನೆಯ ಕ್ರಮವಾಯಿತು. ಪ್ರತಿ ಊಟಕ್ಕೂ ಅವನು ಮೊದಲು ತಿನ್ನಬೇಕು, ಅವಳು ಚಮಚ ಎತ್ತಿ ಹಿಡಿದು ಮುಖ ತಪಾಸಣೆ ಮಾಡಬೇಕು, ಮುಖ ಕೆಟ್ಟರೆ ಊಟ ಶುರು.

ಅಕ್ಟೋಬರ್ ಬಂತು. ಒಂದು ಶನಿವಾರ ಎವಾರಿಸ್ತೊ ಚೌಕದಲ್ಲಿ ಹಾದುಹೋಗುವಾಗ ನೊಲ್ಬೆರ್ತೊ ಕರೆದು ಒಂದು ಬಿಸಿ ಸೊಪೈಪಿಯಾ ಕೈಗೆ ಕೊಟ್ಟ. ಅವನು ಹಳೆಯ ಅಭ್ಯಾಸದಿಂದ ಎರಡು ಚಮಚ ಪೆಬ್ರೆ ಸುರಿದುಕೊಂಡು ಕಚ್ಚಿದ. ಕಚ್ಚಿದ್ದನ್ನು ಮರದ ಬುಡಕ್ಕೆ ಉಗಿದ.

"ಏನ್ ಉಪ್ಪು ಮಾರಾಯ ಇದು."

"ಅದೇ ಪೆಬ್ರೆ, ಅದೇ ಉಪ್ಪು. ನಿಮ್ ಬಾಯಿಗೇ ಏನೋ ಆಗಿದೆ," ಎಂದ ನೊಲ್ಬೆರ್ತೊ, ಬಹಳ ಅನುಮಾನದಿಂದ ಅವನನ್ನು ಮೇಲಿಂದ ಕೆಳಗೆ ನೋಡಿ.

ಮರುದಿನ ಭಾನುವಾರ. ಯಾಸ್ನಾ ಸಮುದ್ರದಂಡೆಯಿಂದ ಆಗಷ್ಟೇ ಬಂದ ಮೀನು ತಂದಿದ್ದಳು. ಎವಾರಿಸ್ತೊ ಬಟ್ಟಲು ನಡುವೆ ಇಟ್ಟ, ಬ್ರೆಡ್ಡಿನ ಮೇಲೆ ಒಂದು ಚಮಚ ಹಾಕಿಕೊಂಡು ಬಾಯಿಗಿಟ್ಟ. ಮೊದಲು ನಿಂಬೆಹಣ್ಣು ಬಂತು, ಹಿಂದೆಯೇ ಕೊತ್ತಂಬರಿ ದಂಟಿನ ಹಸಿ ವಾಸನೆ, ಆಮೇಲೆ ಸುಟ್ಟ ಮೆಣಸಿನ ಹೊಗೆ. ಒಂದೊಂದೂ ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ಇಷ್ಟು ಒಳ್ಳೆಯ ಪೆಬ್ರೆಯನ್ನು ಅವನು ತನ್ನ ಜನ್ಮದಲ್ಲಿ ತಿಂದಿರಲಿಲ್ಲ. ತುಟಿಯ ಮೂಲೆ ತಾನಾಗಿಯೇ ಮೇಲಕ್ಕೆ ಹೋಗತೊಡಗಿತು.

ಎದುರಿಗೆ ಕ್ಲೋರಿಂದಾ ಚಮಚ ಎತ್ತಿ ಹಿಡಿದುಕೊಂಡು ಕಾಯುತ್ತಿದ್ದಳು. ಬೆರಳಿನಲ್ಲಿ ಉಂಗುರವಿತ್ತು.

ಎವಾರಿಸ್ತೊ ಕಣ್ಣು ಬಿಗಿಯಾಗಿ ಮುಚ್ಚಿ, ಮೂಗು ಸೊಟ್ಟ ಮಾಡಿ, ಮುಖವನ್ನೆಲ್ಲ ಹಿಂಡಿದ.

"ಥೂ," ಎಂದ. "ಇದನ್ನ ಕತ್ತೆನೂ ಮೂಸಲ್ಲ."

ಅವಳು ಇನ್ನೂ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಆಲೂಗಡ್ಡೆಯ ಮೇಲೆ ಎರಡು ಚಮಚ ಹಾಕಿಕೊಂಡಳು.